ದೆಹಲಿಯ ಹಳೆಯ ತೋಟಗಳು: ಗೇಟಿನ ಒಳಗೂ ಹೊರಗೂ

ದೆಹಲಿಯ ಚಳಿಗಾಲದಲ್ಲಿ ಬಿಸಿಲಿಗೆ ಬೆಲೆ ಹೆಚ್ಚು. ಜನವರಿಯ ಭಾನುವಾರ ಹನ್ನೊಂದು ಗಂಟೆಯ ಹೊತ್ತಿಗೆ ಮಂಜು ಹರಿದು ಬಿಸಿಲು ಬಿತ್ತೆಂದರೆ ಊರಿಗೆ ಊರೇ ಜಮಖಾನ, ಊಟದ ಡಬ್ಬಿ, ಕಿತ್ತಳೆ, ಕಡಲೆಕಾಯಿ ಹಿಡಿದು ಹುಲ್ಲಿರುವ ಜಾಗ ಹುಡುಕಿಕೊಂಡು ಹೊರಡುತ್ತದೆ. ಇಲ್ಲಿ ನೆಲೆಸಿದ ಕನ್ನಡದ ಮನೆಗಳೂ ಇದಕ್ಕೆ ಹೊರತಲ್ಲ. ಒಂದು ಡಬ್ಬಿ ಚಿತ್ರಾನ್ನ, ಒಂದು ಡಬ್ಬಿ ಮೊಸರನ್ನ, ಫ್ಲಾಸ್ಕಿನಲ್ಲಿ ಕಾಫಿ. ಸರ್ಕಾರಿ ಕ್ವಾರ್ಟರ್ಸಿನ ಎರಡು ಕೋಣೆಯಲ್ಲಿ ಬಿಸಿಲೇ ಕಾಣದ ನಮಗೆ ಈ ಊರಿನ ತೋಟಗಳೇ ಅಂಗಳ.

ಅಂಥದೊಂದು ಭಾನುವಾರ, ಪುನರುದ್ಧಾರವಾಗಿ ಹೊಸದಾಗಿ ಬಾಗಿಲು ತೆರೆದಿದ್ದ ತೋಟವೊಂದರ ಮುಂದೆ ಟಿಕೆಟಿನ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಬ ತಾಯಿ, ಅವರ ಅತ್ತೆ, ನಾಲ್ಕು ಮಕ್ಕಳು. ಕಿಟಕಿಯ ಪಕ್ಕದ ದರಪಟ್ಟಿಯನ್ನು ದೊಡ್ಡ ಹುಡುಗಿ ಗಟ್ಟಿಯಾಗಿ ಓದಿದಳು. ತಾಯಿ ತಲೆ ಎಣಿಸಿದರು. ದುಪಟ್ಟಾದ ಗಂಟು ಬಿಚ್ಚಿ ದುಡ್ಡು ಎಣಿಸಿದರು. ಮತ್ತೊಮ್ಮೆ ತಲೆ ಎಣಿಸಿದರು. ಆಮೇಲೆ ಯಾರಿಗೂ ಏನೂ ಹೇಳದೆ ಸಾಲು ಬಿಟ್ಟು ಹೊರಬಂದರು. ಕಾಂಪೌಂಡ್ ಗೋಡೆಗೂ ರಸ್ತೆಗೂ ನಡುವೆ ಒಂದು ಮಾರು ಅಗಲದ ಹುಲ್ಲು ಇತ್ತು. ಅಲ್ಲೇ ಚಾದರ ಹಾಸಿದರು, ಅಜ್ಜಿ ಕಡಲೆಕಾಯಿ ಸುಲಿಯತೊಡಗಿದರು. ಒಳಗಿನ ಕಾರಂಜಿಯ ಸದ್ದು ಅವರಿಗೂ ಕೇಳುತ್ತಿತ್ತು.

ನಾನು ಟಿಕೆಟು ಕೊಂಡು ಒಳಗೆ ಹೋದೆ. ತೋಟ ಬಹಳ ಚೆನ್ನಾಗಿತ್ತು. ಕಂಡ ಈ ಎರಡನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಕಳೆದ ಕಾಲು ಶತಮಾನದಲ್ಲಿ ದೆಹಲಿಯ ಹಳೆಯ ತೋಟಗಳಿಗೆ ಬಂದಷ್ಟು ಹಣ, ಗಮನ, ಪರಿಣತಿ ಅದಕ್ಕೆ ಹಿಂದಿನ ನೂರು ವರ್ಷದಲ್ಲಿ ಬಂದಿರಲಿಲ್ಲ ಎಂದೇ ನನ್ನ ಅನಿಸಿಕೆ. ಹುಮಾಯೂನನ ಸಮಾಧಿಯ ಚಾರ್‌ಬಾಗ್ ಎಂಬ ನಾಲ್ಕು ಪಾಲಿನ ತೋಟ, ಸುಂದರ್ ನರ್ಸರಿ, ಇಂಡಿಯಾ ಗೇಟಿನ ಹುಲ್ಲುಹಾಸು, ಮೆಹ್ರೌಲಿಯ ಪುರಾತತ್ವ ಉದ್ಯಾನ, ಶಾಲಿಮಾರ್ ಬಾಗ್. ಒಂದೊಂದು ಕೆಲಸ ಮುಗಿದಾಗಲೂ ಸುತ್ತಲಿನ ಜನ ಏನಾದರೊಂದು ಹೇಳಿದ್ದಾರೆ. ಹೊಗಳಿದ್ದಾರೆ, ಸಿಟ್ಟಾಗಿದ್ದಾರೆ, ನ್ಯಾಯಾಲಯಕ್ಕೆ ಹೋಗಿದ್ದಾರೆ, ಸುಮ್ಮನೆ ಬರುವುದನ್ನು ನಿಲ್ಲಿಸಿದ್ದಾರೆ. ಇವನ್ನೆಲ್ಲ ಒಂದೆಡೆ ಇಟ್ಟು ನೋಡಿದಾಗ ನನಗೆ ಒಂದು ಸಂಗತಿ ಸ್ಪಷ್ಟವಾಯಿತು. ತೋಟ ಸರಿಮಾಡಬೇಡಿ ಎಂದವರು ಬಹಳ ಕಡಿಮೆ. ನಮ್ಮನ್ನು ಒಂದು ಮಾತು ಕೇಳಲಿಲ್ಲ ಎಂದವರೇ ಹೆಚ್ಚು.

ಸುಂದರ್ ನರ್ಸರಿಯಿಂದ ಶುರುಮಾಡುತ್ತೇನೆ, ಏಕೆಂದರೆ ಅಲ್ಲಿ ನಡೆದಿರುವ ಕೆಲಸದ ಮಟ್ಟದ ಮತ್ತೊಂದನ್ನು ದೇಶದಲ್ಲಿ ನಾನು ಕಂಡಿಲ್ಲ. ಮಥುರಾ ರಸ್ತೆಯ ಅಂಚಿನಲ್ಲಿ, ಹುಮಾಯೂನನ ಸಮಾಧಿಗೆ ಬಡಗಣದಲ್ಲಿ ಸುಮಾರು 90 ಎಕರೆ ಜಾಗ. ಮೊಘಲರ ಕಾಲದಲ್ಲಿ ಇದಕ್ಕೆ ಅಜೀಂ ಬಾಗ್ ಎಂಬ ಹೆಸರಿತ್ತು. ಹೊಸ ದೆಹಲಿ ಕಟ್ಟಲು ಹೊರಟ ಬ್ರಿಟಿಷರು ರಾಜಧಾನಿಯ ಸಾಲುಮರಗಳಿಗೆ ಬೇಕಾದ ಸಸಿಗಳನ್ನು ಬೆಳೆಸಿ ಪರೀಕ್ಷಿಸಲು ಇದನ್ನು ಸಸ್ಯಾಗಾರ ಮಾಡಿದರು. ಇಂದು ನಾವು ಬೇಸಿಗೆಯಲ್ಲಿ ಯಾವ ಬೇವು, ನೇರಳೆ, ಅರ್ಜುನ ಮರಗಳ ನೆರಳಲ್ಲಿ ನಡೆಯುತ್ತೇವೋ ಅವುಗಳ ವಂಶಕ್ಕೆ ಇದು ತವರುಮನೆ. ಒಳಗಿರುವ ಸುಂದರ್ ಬುರ್ಜ್ ಎಂಬ ಗೋರಿಯಿಂದ ತೋಟಕ್ಕೆ ಈ ಹೆಸರು ಬಂತು. ಸ್ವಾತಂತ್ರ್ಯದ ನಂತರ ಕೇಂದ್ರ ಲೋಕೋಪಯೋಗಿ ಇಲಾಖೆಯ ಕೈಗೆ ಬಂದು, ನಿಧಾನವಾಗಿ ಜನರ ನೆನಪಿನಿಂದ ಜಾರಿತು. ಸಸಿ ಕೊಳ್ಳುವವರು ಮಾತ್ರ ಬರುತ್ತಿದ್ದರು. ಒಳಗೆ ಕಟ್ಟಡದ ಅವಶೇಷದ ರಾಶಿ, ಆಳೆತ್ತರ ಕಳೆ, ಅದರ ಮಧ್ಯೆ ಬಿರುಕುಬಿಟ್ಟ ಗುಮ್ಮಟಗಳು.

2007ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, ಲೋಕೋಪಯೋಗಿ ಇಲಾಖೆ, ದೆಹಲಿ ಮಹಾನಗರ ಪಾಲಿಕೆ ಮತ್ತು ಆಗಾ ಖಾನ್ ಸಂಸ್ಕೃತಿ ಟ್ರಸ್ಟ್ ಸೇರಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಹುಮಾಯೂನನ ಸಮಾಧಿ, ಸುಂದರ್ ನರ್ಸರಿ, ಹಜರತ್ ನಿಜಾಮುದ್ದೀನ್ ಬಸ್ತಿ ಮೂರನ್ನೂ ಒಂದೇ ಯೋಜನೆಯಡಿ ತಂದದ್ದು ಆ ಒಪ್ಪಂದದ ಹೆಚ್ಚುಗಾರಿಕೆ. ಲಾರಿಗಟ್ಟಲೆ ಅವಶೇಷ ಹೊರಗೆ ಹೋಯಿತು. ಭೂದೃಶ್ಯ ವಿನ್ಯಾಸಕಾರ ಮೊಹಮ್ಮದ್ ಶಹೀರ್ ತೋಟದ ನಡುವೆ ಕಮಲದ ಹೊಂಡ, ನೀರಿನ ಕಾಲುವೆ, ಕಲ್ಲಿನ ಕೆತ್ತನೆಗಳ ಉದ್ದನೆಯ ಮಧ್ಯಪಥವನ್ನು ರೂಪಿಸಿದರು. ತೋಟ ಜನರಿಗೆ ತೆರೆಯುವುದನ್ನು ನೋಡಲು ಅವರು ಉಳಿಯಲಿಲ್ಲ, 2015ರಲ್ಲೇ ತೀರಿಕೊಂಡರು. 2018ರ ಫೆಬ್ರವರಿ 21ರಂದು ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅದನ್ನು ಉದ್ಘಾಟಿಸಿದರು.

ನನಗೆ ಅಲ್ಲಿ ಅತ್ಯಂತ ಪ್ರಿಯವಾದದ್ದು ಗುಮ್ಮಟಗಳಿಗಿಂತ ತೋಟದ ಹಿಂಬದಿಯ ಸಸ್ಯವಲಯ. ನಾವು ಮಲೆನಾಡು, ಬಯಲುಸೀಮೆ, ಕರಾವಳಿ ಎನ್ನುವ ಹಾಗೆ ದೆಹಲಿಯ ನೆಲಕ್ಕೂ ಹಳೆಯ ಹೆಸರುಗಳಿವೆ. ಅರಾವಳಿಯ ಕಲ್ಲುಗುಡ್ಡ ಕೋಹಿ, ಯಮುನೆಯ ನೆರೆ ಬರುವ ಬಯಲು ಖಾದರ್, ನೆರೆ ಮುಟ್ಟದ ಮೆಕ್ಕಲು ನೆಲ ಬಾಂಗರ್, ನೀರು ನಿಲ್ಲುವ ಜೌಗು ಡಾಬರ್. ಈ ನಾಲ್ಕನ್ನೂ ಅವುಗಳದೇ ಗಿಡಮರಗಳೊಂದಿಗೆ ಅಲ್ಲಿ ಪಕ್ಕಪಕ್ಕದಲ್ಲಿ ಬೆಳೆಸಿದ್ದಾರೆ. ಹತ್ತು ನಿಮಿಷದ ನಡಿಗೆಯಲ್ಲಿ ದೆಹಲಿಯ ಇಡೀ ಭೂಗೋಳ ಕಾಲಡಿ ಹಾದುಹೋಗುತ್ತದೆ. ದೆಹಲಿಯಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೂ ಈ ಹೆಸರುಗಳು ಗೊತ್ತಿಲ್ಲ. ಶಾಲೆಯ ಪುಸ್ತಕ ಕಲಿಸದ್ದನ್ನು ಒಂದು ತೋಟ ಕಲಿಸುತ್ತಿದೆ. ತೋಟದಲ್ಲಿ 300ಕ್ಕೂ ಹೆಚ್ಚು ಜಾತಿಯ ಮರಗಳಿವೆ. ಹಕ್ಕಿ ನೋಡುವವರು ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ದುರ್ಬೀನು ನೇತುಹಾಕಿಕೊಂಡು ಬಂದು ನಿಂತಿರುತ್ತಾರೆ.

ಇದಕ್ಕೆ ಊರಿನ ಪ್ರತಿಕ್ರಿಯೆ ಹೇಗಿತ್ತು? ಒಂದೇ ಮಾತಿನಲ್ಲಿ ಹೇಳಲಾಗದು. ಹೊಗಳಿಕೆ ಧಾರಾಳವಾಗಿ ಬಂತು, ಅದಕ್ಕೆ ತೋಟ ಅರ್ಹವೂ ಹೌದು. ಯುನೆಸ್ಕೋದ ಏಷ್ಯಾ ಪೆಸಿಫಿಕ್ ಸಂರಕ್ಷಣಾ ಪ್ರಶಸ್ತಿ 2020ರಲ್ಲಿ ಬಂತು. ಹೆಣ್ಣುಮಕ್ಕಳು ಒಬ್ಬರೇ ಪುಸ್ತಕ ಹಿಡಿದು ಸಂಜೆಯವರೆಗೆ ಕೂರಬಹುದಾದ ಜಾಗಗಳು ಈ ಊರಿನಲ್ಲಿ ಎಷ್ಟಿವೆ ಎಂದು ಯೋಚಿಸಿದರೆ ಸುಂದರ್ ನರ್ಸರಿಯ ಬೆಲೆ ತಿಳಿಯುತ್ತದೆ. ವೃದ್ಧರಿಗೆ ಸಮತಟ್ಟಾದ ದಾರಿ, ಚೊಕ್ಕ ಶೌಚಾಲಯ, ಕೂರಲು ಕಲ್ಲುಬೆಂಚು. ಇವು ಸಣ್ಣ ಸಂಗತಿಗಳಲ್ಲ. ಎಪ್ಪತ್ತು ದಾಟಿದ ಹೆಂಗಸರು ಎರಡು ಗಂಟೆ ಹೊರಗೆ ಇರಬೇಕೋ ಬೇಡವೋ ಎಂದು ತೀರ್ಮಾನಿಸುವುದು ಶೌಚಾಲಯ ನೋಡಿಯೇ.

ತಕರಾರುಗಳೂ ಬಂದವು. ಮೊದಲನೆಯದು ಟಿಕೆಟಿನದು. ತೆರೆದಾಗ ದೊಡ್ಡವರಿಗೆ 35 ರೂಪಾಯಿ ಇತ್ತು, ಆಮೇಲೆ 50 ಆಯಿತು. ಸಿನಿಮಾ ಟಿಕೆಟಿನ ಮುಂದೆ ಇದು ಏನೂ ಅಲ್ಲ ಎನ್ನುವವರಿದ್ದಾರೆ. ಕೂಲಿ ಮಾಡುವ ಮನೆಯ ಆರು ಜನ ಬಸ್ಸಿನಲ್ಲಿ ಬಂದು ಹೋಗುವ ಲೆಕ್ಕ ಹಾಕಿ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಇನ್ನೊಂದು ಕಡೆ, ಇಷ್ಟು ಮಾಲಿಗಳು, ಇಷ್ಟು ನೀರು, ಇಷ್ಟು ಸುಣ್ಣಗಾರೆಯ ಕೆಲಸ ನಡೆಯಬೇಕಾದರೆ ಹಣ ಎಲ್ಲಿಂದಾದರೂ ಬರಲೇಬೇಕು. ಸರ್ಕಾರದ ಕೈಯಲ್ಲಿದ್ದಾಗ ಬಿಟ್ಟಿಯಿದ್ದ ತೋಟ ಹೇಗಿತ್ತು ಎನ್ನುವುದನ್ನು ಕಂಡವರು ನಾವು. ಹಾಗಾಗಿ ಟಿಕೆಟೇ ಬೇಡ ಎಂದು ನಾನು ಹೇಳಲಾರೆ. ಎಲ್ಲರಿಗೂ, ಎಲ್ಲ ಹೊತ್ತಿನಲ್ಲೂ ಒಂದೇ ಟಿಕೆಟು ಎನ್ನುವುದು ನನಗೆ ಒಪ್ಪಿಗೆಯಾಗದ್ದು.

ಎರಡನೆಯ ತಕರಾರು ಇತಿಹಾಸ ಬಲ್ಲವರದು. ಗುಮ್ಮಟಗಳು ತೀರಾ ಹೊಸದಾಗಿ ಕಾಣುತ್ತವೆ, ಹಳೆಯದರ ಮಾಸಲು ಹೋಯಿತು ಎನ್ನುವುದು ಅವರ ಕೊರಗು. ಇದರ ಹಿಂದೆ ಹಳೆಯ ವಾದವೊಂದಿದೆ. ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಜಾನ್ ಮಾರ್ಷಲ್ 1923ರಲ್ಲಿ ಬರೆದ ಸಂರಕ್ಷಣಾ ಕೈಪಿಡಿಯ ಪ್ರಕಾರ ಸ್ಮಾರಕವನ್ನು ಇದ್ದ ಸ್ಥಿತಿಯಲ್ಲೇ ಕಾಪಾಡಬೇಕು, ಕಳೆದುಹೋದದ್ದನ್ನು ಊಹಿಸಿ ಕಟ್ಟಬಾರದು. ನಮ್ಮ ಪುರಾತತ್ವ ಇಲಾಖೆ ಬೆಳೆದದ್ದು ಆ ನಂಬಿಕೆಯ ಮೇಲೆ. ವಾಸ್ತುಶಿಲ್ಪಿ ರತೀಶ್ ನಂದಾರ ಮುಂದಾಳುತನದ ಟ್ರಸ್ಟಿನ ತಂಡ ಬೇರೆ ದಾರಿ ಹಿಡಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಮೆತ್ತಿದ ಸಿಮೆಂಟನ್ನು ಕಿತ್ತು, ಸುಣ್ಣಗಾರೆ ಅರೆದು, ಕಲ್ಲುಕುಟಿಗರನ್ನೂ ಹೆಂಚು ಸುಡುವವರನ್ನೂ ಕರೆತಂದು, ಆಗ ಹೇಗೆ ಕಟ್ಟಿದ್ದರೋ ಹಾಗೆಯೇ ಮಾಡಿಸಿತು. ಹಂಪಿಯಲ್ಲಿ ಕಂಬ ನಿಲ್ಲಿಸಬೇಕೋ ಬೇಡವೋ ಎಂಬ ಚರ್ಚೆ ಕೇಳಿ ಬೆಳೆದ ಕನ್ನಡಿಗರಿಗೆ ಈ ಜಗಳ ಹೊಸದಲ್ಲ. ನನ್ನ ಮಟ್ಟಿಗೆ ನಾನು ಕುಶಲಕರ್ಮಿಗಳ ಪಕ್ಷ. ಸುಂದರ್ ಬುರ್ಜಿನ ಒಳಚಾವಣಿಯ ನಕ್ಷತ್ರಗಳನ್ನು ತಲೆಯೆತ್ತಿ ನೋಡಿ. ಅದನ್ನು ಮಾಡಬಲ್ಲ ಕೈಗಳು ಇನ್ನೂ ಈ ದೇಶದಲ್ಲಿವೆ ಎಂದು ತಿಳಿದಾಗ ಆಗುವ ಸಂತೋಷ, ಮಾಸಲು ಹೋದ ದುಃಖಕ್ಕಿಂತ ದೊಡ್ಡದು.

ಮೂರನೆಯ ಮಾತು ಗಟ್ಟಿಯಾಗಿ ಕೇಳಿಸುವುದಿಲ್ಲ, ಏಕೆಂದರೆ ಅದನ್ನು ಆಡುವವರು ಪತ್ರಿಕೆಗೆ ಬರೆಯುವವರಲ್ಲ. ಮಥುರಾ ರಸ್ತೆಯ ಒಂದು ಬದಿಗೆ ಸುಂದರ್ ನರ್ಸರಿ, ಸುಂದರ್ ನಗರ, ನಿಜಾಮುದ್ದೀನ್ ಪೂರ್ವದ ಬಂಗಲೆಗಳು. ಇನ್ನೊಂದು ಬದಿಗೆ ನಿಜಾಮುದ್ದೀನ್ ಬಸ್ತಿ. ಸಂತ ನಿಜಾಮುದ್ದೀನ್ ಔಲಿಯಾರ ದರ್ಗಾದ ಸುತ್ತ ಏಳು ಶತಮಾನದಿಂದ ಜನ ಬಿಡದೆ ಬಾಳಿಕೊಂಡು ಬಂದ ಜಾಗ. ಕವಿ ಅಮೀರ್ ಖುಸ್ರೋ, ಕವಿ ಗಾಲಿಬ್ ಇಬ್ಬರೂ ಅಲ್ಲೇ ಮಣ್ಣಾಗಿದ್ದಾರೆ. ಇಬ್ಬರು ಎದುರುಬದುರು ಬಂದರೆ ಒಬ್ಬರು ಗೋಡೆಗೆ ಒರಗಬೇಕಾದ ಗಲ್ಲಿಗಳು. ಆಕಾಶ ಕಾಣುವುದೇ ಒಂದು ಗೇಣು. ಪಾರಂಪರಿಕ ತೋಟವೊಂದು ಯಾರಿಗಾದರೂ ನಿಜವಾಗಿ ಬೇಕಿದ್ದರೆ ಅದು ಈ ಗಲ್ಲಿಯ ಮಕ್ಕಳಿಗೆ.

ಇಲ್ಲಿ ನಡೆದ ಇನ್ನೊಂದು ಕೆಲಸವನ್ನು ನೆನೆಯಲೇಬೇಕು. ಅದೇ ಯೋಜನೆ, ಅದೇ ತಂಡ, ಆದರೆ ಬಸ್ತಿಯ ಒಳಗೆ. 2008ರಲ್ಲಿ ದರ್ಗಾದ ಪಕ್ಕದ ಬಾವೋಲಿಯ, ಅಂದರೆ ಹದಿನಾಲ್ಕನೆಯ ಶತಮಾನದ ಮೆಟ್ಟಿಲುಬಾವಿಯ, ಗೋಡೆಯ ಭಾಗ ಕುಸಿಯಿತು. ಬಾವಿಯ ಮೇಲೆಯೇ ಮನೆ ಮಾಡಿಕೊಂಡಿದ್ದ ಕುಟುಂಬಗಳೊಂದಿಗೆ ಮಾತಾಡಿ, ಬೇರೆಡೆ ನೆಲೆ ಕಲ್ಪಿಸಿ, ಶತಮಾನಗಳ ಹೂಳನ್ನು ಕೈಯಿಂದಲೇ ಎತ್ತಿ ಬಾವಿಯನ್ನು ಉಳಿಸಿದರು. ಪಾಲಿಕೆಯ ಶಾಲೆಯನ್ನು, ಆಸ್ಪತ್ರೆಯನ್ನು ಸರಿಪಡಿಸಿದರು. ಬಸ್ತಿಯ ಅಂಚಿನಲ್ಲಿ ಕಸದ ತಿಪ್ಪೆಯಾಗಿದ್ದ ಪಾಲಿಕೆಯ ಜಾಗಗಳನ್ನು ಉದ್ಯಾನ ಮಾಡುವ ಮೊದಲು ಅಲ್ಲಿಯವರನ್ನು ಕೂರಿಸಿಕೊಂಡು, ನಿಮಗೆ ಏನು ಬೇಕು ಎಂದು ಕೇಳಿದರು. ಹುಡುಗರು ಕ್ರಿಕೆಟ್ಟಿಗೆ ಬಯಲು ಬೇಕೆಂದರು. ಮದುವೆ ಮಾಡಲು ಜಾಗವಿಲ್ಲ, ಶಾಮಿಯಾನ ಹಾಕಲು ಒಂದು ಅಂಗಳ ಬೇಕು ಎಂಬ ಮಾತು ಬಂತು. ಹೆಂಗಸರು ತಮಗೇ ಒಂದು ತೋಟ ಬೇಕೆಂದರು, ಹೊರಗಿನ ಕಣ್ಣು ಬೀಳದ ಹಾಗೆ ಗೋಡೆ ಇರಬೇಕೆಂದರು. ಹಾಗೆ ಆದದ್ದು ಪರ್ದಾ ಬಾಗ್. ಹೆಂಗಸರೂ ಚಿಕ್ಕ ಮಕ್ಕಳೂ ಬರುವ, ಬೇರೆಯವರಿಗೆ ಪ್ರವೇಶವಿಲ್ಲದ ಪುಟ್ಟ ತೋಟ.

ಉದ್ಯಾನಕ್ಕೆ ಗೋಡೆ ಯಾಕೆ, ಬೇಲಿ ಯಾಕೆ ಎಂದು ನಾವು ಓದಿದವರು ವಾದಿಸುತ್ತೇವೆ. ನಾನೂ ವಾದಿಸಿದ್ದೇನೆ. ಪರ್ದಾ ಬಾಗಿನ ವಿಷಯ ತಿಳಿದ ಮೇಲೆ ನನ್ನ ವಾದ ಬದಲಾಯಿತು. ಆ ಗೋಡೆ ಅಲ್ಲಿನ ಹೆಂಗಸರನ್ನು ಹೊರಗೆ ತಂದಿದೆ. ಗೋಡೆ ಸರಿಯೋ ತಪ್ಪೋ ಎನ್ನುವುದು ಅದನ್ನು ಕೇಳಿದವರು ಯಾರು ಎನ್ನುವುದರ ಮೇಲೆ ನಿಂತಿದೆ.

ಹುಮಾಯೂನನ ಸಮಾಧಿಯ ಕಥೆ ಇದಕ್ಕಿಂತ ಹಳೆಯದು. ಸ್ವಾತಂತ್ರ್ಯದ ಐವತ್ತನೆಯ ವರ್ಷಕ್ಕೆ ಉಡುಗೊರೆ ಎಂದು 1997ರಲ್ಲಿ ಆಗಾ ಖಾನ್ ಘೋಷಿಸಿದ ಆ ಚಾರ್‌ಬಾಗಿನ ಕೆಲಸ 2003ರಲ್ಲಿ ಮುಗಿಯಿತು. ಬತ್ತಿದ್ದ ಕಾಲುವೆಗಳಲ್ಲಿ ನೀರು ಹರಿಯಿತು. 1947ರಲ್ಲಿ ಇದೇ ತೋಟದಲ್ಲೂ ಹತ್ತಿರದ ಪುರಾನಾ ಕಿಲಾದಲ್ಲೂ ನಿರಾಶ್ರಿತರ ಶಿಬಿರಗಳಿದ್ದವು. ಕಾಲುವೆಯ ಕಲ್ಲಿನ ಮೇಲೆ ಒಲೆ ಹೂಡಿ, ಹುಲ್ಲಿನ ಮೇಲೆ ಮಲಗಿ ಚಳಿಗಾಲ ಕಳೆದ ಜನ. ಒಂದು ತೋಟ ಊರಿನ ಕಷ್ಟಕಾಲದಲ್ಲಿ ಏನು ಮಾಡಬಲ್ಲದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಸಮಾಧಿಯ ಬಗ್ಗೆ ಪ್ರವಾಸಿಗಳಿಗೆ ಹೇಳುವಾಗ ರಾಜವಂಶದ ಜೊತೆಗೆ ಇದನ್ನೂ ಹೇಳಬೇಕು.

ಲೋಧಿ ಗಾರ್ಡನ್ ಬಗ್ಗೆ ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯುತ್ತದೆ. ದೆಹಲಿಯ ಕನ್ನಡ ಶಾಲೆ ಇರುವುದು ಲೋಧಿ ಎಸ್ಟೇಟಿನಲ್ಲಿ, ತೋಟದ ಹತ್ತಿರ. ಲೋಧಿ ಕಾಲೊನಿ, ಸರೋಜಿನಿ ನಗರ, ಆರ್.ಕೆ. ಪುರಂಗಳಿಂದ ಬರುತ್ತಿದ್ದ ನಮ್ಮ ಮಕ್ಕಳು ಕನ್ನಡದ ಅಕ್ಷರ ತಿದ್ದಿದ್ದು ಅಲ್ಲಿ, ಶಾಲೆ ಬಿಟ್ಟ ಮೇಲೆ ಓಡಿದ್ದು ಸಿಕಂದರ್ ಲೋಧಿಯ ಗೋರಿಯ ಸುತ್ತ. ನಮಗೆ ಅದು ಮನೆಯ ಹಿತ್ತಲಿನಷ್ಟು ಸಲಿಗೆಯ ಜಾಗ. ಅಷ್ಟು ಸಲಿಗೆಯ ಜಾಗದಲ್ಲಿ ಹಿಂದೆ ಖೈರ್‌ಪುರ್ ಎಂಬ ಹಳ್ಳಿಯಿತ್ತು. ಗೋರಿಗಳ ಸುತ್ತ ಮನೆ ಕಟ್ಟಿಕೊಂಡು ಜನ ವಾಸವಾಗಿದ್ದರು. ಆ ಹಳ್ಳಿಯನ್ನು ಎಬ್ಬಿಸಿ, ಹುಲ್ಲು ಹಾಸಿ, 1936ರ ಏಪ್ರಿಲ್ 9ರಂದು ಲೇಡಿ ವಿಲ್ಲಿಂಗ್ಡನ್ ಪಾರ್ಕ್ ಎಂದು ಹೆಸರಿಟ್ಟು ತೆರೆದರು. ಸ್ವಾತಂತ್ರ್ಯ ಬಂದ ಮೇಲೆ ಹೆಸರು ಬದಲಾಯಿತು. 1968ರಲ್ಲಿ ವಾಸ್ತುಶಿಲ್ಪಿ ಜೋಸೆಫ್ ಅಲೆನ್ ಸ್ಟೀನ್ ಮತ್ತು ಭೂದೃಶ್ಯ ವಿನ್ಯಾಸಕಾರ ಗ್ಯಾರೆಟ್ ಎಕ್ಬೋ ಅದಕ್ಕೆ ಈಗಿನ ರೂಪ ಕೊಟ್ಟರು. ಖೈರ್‌ಪುರದವರು ಏನು ಹೇಳಿದರು ಎಂದು ಯಾರೂ ಬರೆದಿಡಲಿಲ್ಲ. ಸ್ಥಳೀಯರ ಪ್ರತಿಕ್ರಿಯೆ ಎಂದಾಗಲೆಲ್ಲ ಆ ಹಳ್ಳಿ ನನಗೆ ನೆನಪಾಗುತ್ತದೆ.

ಹಾಗಿದ್ದೂ ಲೋಧಿ ಗಾರ್ಡನ್ ಇವತ್ತಿಗೂ ಉಚಿತ. ಮಂತ್ರಿಗಳೂ ಅವರ ಕಾರಿನ ಚಾಲಕರೂ ಬೆಳಿಗ್ಗೆ ಒಂದೇ ದಾರಿಯಲ್ಲಿ ನಡೆಯುತ್ತಾರೆ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಹುಟ್ಟಿದ ಮೌನವಾಗಿ ಕೂತು ಓದುವ ಕೂಟ, ಕಬ್ಬನ್ ರೀಡ್ಸ್, ದೆಹಲಿಗೆ ಬಂದು ಲೋಧಿ ರೀಡ್ಸ್ ಆಯಿತು. ಮರದ ಕೆಳಗೆ ಹತ್ತಾರು ಹುಡುಗರು, ಹುಡುಗಿಯರು ತಲೆ ತಗ್ಗಿಸಿ ಓದುತ್ತಿರುವುದನ್ನು ಕಂಡಾಗ, ನಮ್ಮ ಊರಿನಿಂದ ಒಂದು ಒಳ್ಳೆಯ ಅಭ್ಯಾಸ ಇಲ್ಲಿಗೆ ಬಂತಲ್ಲ ಎಂದು ಹೆಮ್ಮೆಯಾಗುತ್ತದೆ.

ಇಂಡಿಯಾ ಗೇಟಿನ ಹುಲ್ಲುಹಾಸಿನ ವಿಚಾರಕ್ಕೆ ಬಂದರೆ ಪ್ರತಿಕ್ರಿಯೆ ದೇಶದ ಸುದ್ದಿಯೇ ಆಯಿತು. ಬೇಸಿಗೆಯ ರಾತ್ರಿ ಕರೆಂಟು ಹೋದಾಗ ಹಳೆ ದೆಹಲಿಯಿಂದ, ಗಾಜಿಯಾಬಾದಿನಿಂದ, ಫರೀದಾಬಾದಿನಿಂದ ಸ್ಕೂಟರಿನ ಮೇಲೆ ನಾಲ್ಕು ಜನ ಕೂತು ಬರುತ್ತಿದ್ದ ಜಾಗ ಅದು. ಐಸ್‌ಕ್ರೀಂ ಗಾಡಿ, ಬಲೂನು, ಹುರಿಗಡಲೆ, ಜುಲೈ ಬಂದರೆ ಮರದಿಂದ ಉದುರುವ ನೇರಳೆಹಣ್ಣು. ದೇಶದ ಅಧಿಕಾರದ ಎದುರಿಗೆ ಸಾಮಾನ್ಯ ಜನ ಕಾಲು ಚಾಚಿ ಮಲಗುತ್ತಿದ್ದ ಹುಲ್ಲು. ಸಂಸತ್ತಿನ ಸುತ್ತಲಿನ ಸರ್ಕಾರಿ ಪ್ರದೇಶವನ್ನು ಹೊಸದಾಗಿ ಕಟ್ಟುವ ಸೆಂಟ್ರಲ್ ವಿಸ್ತಾ ಯೋಜನೆಯಡಿ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿ, 2022ರ ಸೆಪ್ಟೆಂಬರ್ 8ರಂದು ರಾಜಪಥಕ್ಕೆ ಕರ್ತವ್ಯಪಥ ಎಂಬ ಹೊಸ ಹೆಸರಿನೊಂದಿಗೆ ಮತ್ತೆ ತೆರೆದರು. ಕೆಂಪು ಗ್ರಾನೈಟಿನ ನಡೆದಾರಿ, ಕಾಲುವೆಗಳ ಮೇಲೆ ಸೇತುವೆ, ದೀಪ, ಶೌಚಾಲಯ ಬಂದವು. ಮೊದಲ ವಾರಗಳಲ್ಲಿ ಜನಜಾತ್ರೆಯೇ ನೆರೆಯಿತು. ಚೊಕ್ಕವಾಗಿದೆ, ಬೆಳಕಿದೆ, ಮಕ್ಕಳನ್ನು ಕರೆತರಲು ಭಯವಿಲ್ಲ ಎಂದು ಸಂತೋಷಪಟ್ಟವರು ಬಹಳ. ಅಷ್ಟೇ ಜನ ಹಳೆಯದನ್ನು ಹುಡುಕಿ ಬೇಸರಪಟ್ಟರು. ಮಾರಾಟಗಾರರಿಗೆ ಗೊತ್ತುಪಡಿಸಿದ ವಲಯಗಳಾದವು. ತಳ್ಳುಗಾಡಿ ಮಗುವಿನ ಹತ್ತಿರ ಬರುತ್ತಿದ್ದ ಕಾಲ ಹೋಗಿ, ಮಗುವೇ ಗಾಡಿ ಹುಡುಕಿಕೊಂಡು ಹೋಗುವ ಕಾಲ ಬಂತು. ಹುಲ್ಲಿನ ಮೇಲೆ ಕೂತರೆ ಸೀಟಿ ಯಾವಾಗ ಕೇಳಿಸುತ್ತದೋ ಎಂಬ ಅಳುಕೂ ಜೊತೆಗೆ ಬಂತು.

ಈ ಯೋಜನೆಯಲ್ಲಿ ಜನರನ್ನು ಕೇಳುವ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಭೂಬಳಕೆ ಬದಲಾವಣೆಗೆ ದೆಹಲಿ ಅಭಿವೃದ್ಧಿ ಪ್ರಾಧಿಕಾರ 2019ರ ಡಿಸೆಂಬರಿನಲ್ಲಿ ಪ್ರಕಟಣೆ ಹೊರಡಿಸಿದಾಗ ಸಾವಿರಕ್ಕೂ ಹೆಚ್ಚು ಆಕ್ಷೇಪಣೆಗಳು ಬಂದವು. ಅವುಗಳ ವಿಚಾರಣೆಯನ್ನು ಎರಡೇ ದಿನದಲ್ಲಿ ಮುಗಿಸಲಾಯಿತು. 2021ರ ಜನವರಿ 5ರಂದು ಮೂವರು ನ್ಯಾಯಮೂರ್ತಿಗಳ ಪೀಠದಲ್ಲಿ ಇಬ್ಬರು ಯೋಜನೆಯನ್ನು ಎತ್ತಿಹಿಡಿದರು. ನ್ಯಾಯಮೂರ್ತಿ ಸಂಜೀವ್ ಖನ್ನಾ ಭಿನ್ನಮತದ ತೀರ್ಪು ಬರೆದರು. ಭೂಬಳಕೆ ಬದಲಾಯಿಸುವಾಗ ಸಾರ್ವಜನಿಕರಿಗೆ ಸಾಕಷ್ಟು ಮಾಹಿತಿ ಕೊಟ್ಟು, ಅವರ ಅಭಿಪ್ರಾಯವನ್ನು ನಿಜವಾದ ಅರ್ಥದಲ್ಲಿ ಪಡೆಯಲಿಲ್ಲ ಎನ್ನುವುದು ಅವರ ಮುಖ್ಯ ತಕರಾರು. ಬಹುಮತ ಬೇರೆಯಾದ್ದರಿಂದ ಅದು ಕಾನೂನಾಗಲಿಲ್ಲ. ಆದರೂ ಈ ಊರಿನ ತೋಟಗಳ ಬಗ್ಗೆ ಯೋಚಿಸುವ ಯಾರೇ ಆಗಲಿ ಓದಬೇಕಾದ ಬರಹ ಅದು.

ಉತ್ತರ ದೆಹಲಿಯ ತೋಟಗಳ ಬಗ್ಗೆ ಮಾತೇ ಕಡಿಮೆ. ಶಹಜಹಾನನ ಮಗಳು ಜಹಾನಾರಾ ಚಾಂದನಿ ಚೌಕದಲ್ಲಿ ಮಾಡಿಸಿದ ಬೇಗಂ ಕಾ ಬಾಗ್ 1857ರ ನಂತರ ಕ್ವೀನ್ಸ್ ಗಾರ್ಡನ್ ಆಯಿತು, ಈಗ ಅದರ ತುಣುಕಷ್ಟೇ ಉಳಿದಿದೆ. 1748ರ ಖುದ್ಸಿಯಾ ಬಾಗಿನ ಒಂದು ಭಾಗ ಕಾಶ್ಮೀರಿ ಗೇಟಿನ ಬಸ್ ನಿಲ್ದಾಣಕ್ಕೆ ಹೋಯಿತು. ಔರಂಗಜೇಬನಿಗೆ 1658ರಲ್ಲಿ ಪಟ್ಟ ಕಟ್ಟಿದ ಶಾಲಿಮಾರ್ ಬಾಗಿನ ಶೀಶ್ ಮಹಲ್ ಪಾಳುಬಿದ್ದು, 2025ರ ಜುಲೈಯಲ್ಲಿ ದುರಸ್ತಿಯಾಗಿ ಮತ್ತೆ ಬಾಗಿಲು ತೆರೆಯಿತು. ಅಲ್ಲಿ ಬೆಳಿಗ್ಗೆ ಬಂದು ಇಸ್ಪೀಟು ಆಡುವ ಮುದುಕರು, ಯೋಗ ಮಾಡುವ ಹೆಂಗಸರು ಇವರೇ ಅಷ್ಟು ವರ್ಷ ಆ ತೋಟವನ್ನು ತೋಟವಾಗಿ ಉಳಿಸಿಕೊಂಡವರು. ಜನ ಬಂದು ಹೋಗುತ್ತಿದ್ದುದರಿಂದಲೇ ಅದು ಪೂರ್ತಿ ಒತ್ತುವರಿಯಾಗಲಿಲ್ಲ. ದಕ್ಷಿಣದಲ್ಲಿ ಹಣ, ಉತ್ತರದಲ್ಲಿ ಅಸಡ್ಡೆ ಎಂಬ ಅಲ್ಲಿಯವರ ಕೊರಗಿನಲ್ಲಿ ನ್ಯಾಯವಿದೆ.

ಮೆಹ್ರೌಲಿಯ ಕಡೆ ಸಂಗತಿ ಇನ್ನೂ ಕಠಿಣ. ಕುತುಬ್ ಮಿನಾರಿನ ಪಕ್ಕದ 200 ಎಕರೆಯ ಪುರಾತತ್ವ ಉದ್ಯಾನದಲ್ಲಿ ಪರಂಪರೆ ಸಂರಕ್ಷಣೆಯ ಇಂಟ್ಯಾಕ್ ಸಂಸ್ಥೆ ತೊಂಬತ್ತರ ದಶಕದಿಂದ ಒಳ್ಳೆಯ ಕೆಲಸ ಮಾಡಿದೆ. ಅದೇ ಸೀಮೆಯ ಸಂಜಯ್ ವನದಲ್ಲಿ 2024ರ ಜನವರಿ 30ರ ಬೆಳಗಿನ ಜಾವ ಅಖೂಂದ್‌ಜಿ ಮಸೀದಿಯನ್ನೂ ಅದರ ಮದರಸಾವನ್ನೂ ಒತ್ತುವರಿ ತೆರವಿನ ಹೆಸರಿನಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಕೆಡವಿತು. ಕಾಡು ಉಳಿಸುವುದೂ ಬೇಕು, ಪರಂಪರೆ ಉಳಿಸುವುದೂ ಬೇಕು. ಒಂದರ ಹೆಸರಿನಲ್ಲಿ ಇನ್ನೊಂದು ಹೋದಾಗ, ಅದರಲ್ಲೂ ಪೂಜೆ ಪ್ರಾರ್ಥನೆ ನಡೆಯುತ್ತಿದ್ದ ಜಾಗ ರಾತ್ರಿ ಬೆಳಗಾಗುವುದರೊಳಗೆ ಇಲ್ಲವಾದಾಗ, ಸುತ್ತಲಿನ ಜನರಲ್ಲಿ ಉಳಿಯುವುದು ಭಯ. ಭಯಪಟ್ಟ ಜನ ಯಾವ ಉದ್ಯಾನವನ್ನೂ ನಮ್ಮದು ಎನ್ನಲಾರರು. ಇದೇ ಮೆಹ್ರೌಲಿಯಲ್ಲಿ ಹಿಂದೂಗಳೂ ಮುಸ್ಲಿಮರೂ ಒಟ್ಟಾಗಿ ಯೋಗಮಾಯೆಯ ಗುಡಿಗೂ ಸೂಫಿ ಸಂತ ಬಖ್ತಿಯಾರ್ ಕಾಕಿಯ ದರ್ಗಾಕ್ಕೂ ಹೂವಿನ ಬೀಸಣಿಗೆ ಒಪ್ಪಿಸುವ ಫೂಲ್‌ವಾಲೋಂ ಕಿ ಸೈರ್ ಎಂಬ ಜಾತ್ರೆಯಿದೆ. ಬ್ರಿಟಿಷರು ನಿಲ್ಲಿಸಿದ್ದ ಅದನ್ನು ನೆಹರೂ ಮತ್ತೆ ಶುರುಮಾಡಿಸಿದ್ದರು. 2025ರ ನವೆಂಬರಿನಲ್ಲಿ ತೋಟದ ಜಾಗಕ್ಕೆ ಅನುಮತಿ ಸಿಗದೆ ಅದು ಎಂದಿನ ಹೊತ್ತಿಗೆ ನಡೆಯಲಿಲ್ಲ. ಜಾತ್ರೆಗೆ ಜಾಗ ಕೊಡದ ತೋಟ ಎಷ್ಟು ಚೊಕ್ಕವಾಗಿದ್ದರೂ ಬರಿದೇ.

ಬೆಂಗಳೂರಿನ ಕಡೆ ಒಮ್ಮೆ ತಿರುಗಿ ನೋಡೋಣ. ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗಿಗೆ ಟಿಕೆಟು ಇದೆ, ಆದರೆ ಬೆಳಗಿನ ವಾಯುವಿಹಾರದ ಹೊತ್ತಿನಲ್ಲಿ ಇಲ್ಲ. ಬೆಳಿಗ್ಗೆ ಒಂಬತ್ತರವರೆಗೆ ಅದು ನಡೆಯುವವರ ತೋಟ, ಆಮೇಲೆ ಪ್ರವಾಸಿಗಳದು. ಎಷ್ಟು ಸರಳವಾದ ಏರ್ಪಾಡು! ಅದರ ಫಲ ಏನೆಂದರೆ ಲಾಲ್‌ಬಾಗಿಗೆ ಕಾವಲುಗಾರರಿಗಿಂತ ದೊಡ್ಡ ಕಾವಲು ಸಿಕ್ಕಿದೆ. 2025ರಲ್ಲಿ ಸುರಂಗ ರಸ್ತೆಗೆ ಲಾಲ್‌ಬಾಗಿನ ನೆಲ ಹೋಗುತ್ತದೆ ಎಂಬ ಸುದ್ದಿ ಬಂದಾಗ ಮೊದಲು ದನಿಯೆತ್ತಿದವರಲ್ಲಿ ದಿನಾ ಅಲ್ಲಿ ನಡೆಯುವವರಿದ್ದರು. 1998ರಲ್ಲಿ ಕಬ್ಬನ್ ಪಾರ್ಕಿನ ಎಕರೆಗಟ್ಟಲೆ ಜಾಗವನ್ನು ಉದ್ಯಾನದ ವ್ಯಾಪ್ತಿಯಿಂದ ಕೈಬಿಡಲು ಸರ್ಕಾರ ಹೊರಟಾಗಲೂ ಬೀದಿಗಿಳಿದವರು ಊರಿನವರೇ. ಅಲ್ಲಿಯೂ ಎಲ್ಲ ಸರಿಯಿಲ್ಲ. 2023ರಲ್ಲಿ ಕಬ್ಬನ್ ಪಾರ್ಕಿನಲ್ಲಿ ತಿನ್ನಬಾರದು, ಜೋಡಿಗಳು ಹತ್ತಿರ ಕೂರಬಾರದು ಎಂಬ ನಿರ್ಬಂಧ ಬಂದು ಜನ ಸಿಟ್ಟಾದರು. ಆದರೂ ಆ ಎರಡು ತೋಟಗಳ ಬಗ್ಗೆ ಬೆಂಗಳೂರಿಗಿರುವ ಹಕ್ಕಿನ ಭಾವನೆ ದೆಹಲಿಯ ಜನರಿಗೆ ತಮ್ಮ ತೋಟಗಳ ಬಗ್ಗೆ ಇನ್ನೂ ಪೂರ್ತಿ ಬಂದಿಲ್ಲ. ಇಲ್ಲಿನ ಜಾಗವೆಲ್ಲ ಯಾವುದೋ ಇಲಾಖೆಯದು ಎಂದೇ ನಾವು ಭಾವಿಸಿದ್ದೇವೆ. ಗುರುಗ್ರಾಮದವರು ಮಾತ್ರ ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆ. ಗಣಿಗಾರಿಕೆಯಿಂದ ಬರಡಾಗಿದ್ದ ಅರಾವಳಿಯ ನೆಲದಲ್ಲಿ ಊರಿನವರೇ ಸಸಿ ನೆಟ್ಟು ಕಾಡು ಎಬ್ಬಿಸಿದರು. ಅದರ ಮೇಲೆ ರಸ್ತೆ ಹಾಯಿಸುವ ಮಾತು ಬಂದಾಗ ಅವರು ಬಿಡಲಿಲ್ಲ, ಏಕೆಂದರೆ ಗುಂಡಿ ತೋಡಿದ ಕೈ ಅವರದು.

ಇಷ್ಟೆಲ್ಲ ನೋಡಿದ ಮೇಲೆ ನನ್ನ ತೀರ್ಮಾನ ಇದು. ಸುಂದರ್ ನರ್ಸರಿಯಂಥ ಕೆಲಸ ದೆಹಲಿಯಲ್ಲಿ ಇನ್ನೂ ಹತ್ತು ಕಡೆ ಆಗಬೇಕು, ಉತ್ತರ ದೆಹಲಿಯಲ್ಲಿ ಮೊದಲು ಆಗಬೇಕು. ಟಿಕೆಟು ಇರುವ ಪ್ರತಿಯೊಂದು ತೋಟದಲ್ಲೂ ದಿನಕ್ಕೆ ಒಂದು ಹೊತ್ತು ಲಾಲ್‌ಬಾಗಿನಂತೆ ಬಾಗಿಲು ಸುಮ್ಮನೆ ತೆರೆದಿರಬೇಕು. ತೋಟದ ಗೋಡೆಗೆ ತಾಗಿ ಬದುಕುವ ಬಡವರಿಗೆ ಎಲ್ಲ ಹೊತ್ತೂ ತೆರೆದಿರಬೇಕು. ತಳ್ಳುಗಾಡಿಯವರಿಗೆ, ಕ್ರಿಕೆಟ್ ಆಡುವ ಹುಡುಗರಿಗೆ, ಜಾತ್ರೆಗೆ, ನಕ್ಷೆ ಬರೆಯುವಾಗಲೇ ಜಾಗ ಬಿಡಬೇಕು. ಉದ್ಘಾಟನೆಯಾದ ಮೇಲೆ ಕೊಡುವ ಜಾಗ ಯಾವತ್ತೂ ಮೂಲೆಯದೇ ಆಗಿರುತ್ತದೆ.

ದೆಹಲಿಯಲ್ಲಿರುವ ಕನ್ನಡದ ಓದುಗರಲ್ಲಿ ಒಂದು ಕೋರಿಕೆ. ಭೂಬಳಕೆ ಬದಲಾವಣೆಯ ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಸೆಂಟ್ರಲ್ ವಿಸ್ತಾದ ವಿಷಯದಲ್ಲಿ ಆಕ್ಷೇಪಣೆಗೆ ಮೂವತ್ತು ದಿನ ಇತ್ತು. ಮುಂದಿನ ಸಲ ನಿಮ್ಮ ಮನೆಯ ಹತ್ತಿರದ ತೋಟದ ಹೆಸರು ಅಲ್ಲಿ ಕಂಡರೆ ದಯವಿಟ್ಟು ಬರೆಯಿರಿ. ನಾವು ನಲವತ್ತು ವರ್ಷದಿಂದ ಅಲ್ಲಿ ಕೂತು ಮೊಸರನ್ನ ತಿಂದಿದ್ದೇವೆ, ನಮ್ಮ ಮಕ್ಕಳು ಅಲ್ಲಿ ನಡೆಯಲು ಕಲಿತರು ಎಂದು ಬರೆದರೂ ಅದು ಆಕ್ಷೇಪಣೆಯೇ. ನಿಮ್ಮ ಮನೆಗೆಲಸಕ್ಕೆ ಬರುವವರು, ಗಲ್ಲಿಯ ತರಕಾರಿಯವರು ಆ ತೋಟಕ್ಕೆ ಹೋಗುತ್ತಾರೋ ಕೇಳಿ, ಹೋಗುವುದಾದರೆ ಅವರ ಮಾತನ್ನೂ ಅದೇ ಕಾಗದದಲ್ಲಿ ಸೇರಿಸಿ.